ಗೃಹಸಾಲದ ಅರ್ಜಿಯಲ್ಲಿ ಕಂಪನಿಯ ಷೇರು: ನನ್ನ ಅನುಭವ

ನನ್ನ ವರ್ಷದ ದುಡಿಮೆಯನ್ನು 100 ಎಂದಿಟ್ಟುಕೊಂಡರೆ ಅದರಲ್ಲಿ 62 ಪಾಲು ತಿಂಗಳ ಸಂಬಳವಾಗಿಯೂ 38 ಪಾಲು ಕಂಪನಿಯ ಷೇರುಗಳಾಗಿಯೂ ಕೈಸೇರುತ್ತಿತ್ತು. ತೆರಿಗೆಯ ಲೆಕ್ಕದಲ್ಲಿ ಎರಡೂ ಸಂಬಳವೇ. ಆದರೆ ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಮೊದಲ ಬ್ಯಾಂಕ್ 62ನ್ನು ಹಿಡಿದು 38ನ್ನು ಬದಿಗೆ ಸರಿಸಿತು. ನಾವು ಮೆಚ್ಚಿದ್ದ ಮನೆ ಆ ಲೆಕ್ಕಕ್ಕೆ ಎಟುಕುವಂತಿರಲಿಲ್ಲ.

ಅಂದು ಬ್ಯಾಂಕಿನ ಮೇಲೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ತಪ್ಪು ನನ್ನ ಅರ್ಜಿಯಲ್ಲೇ ಇತ್ತು. ಷೇರು ಖಾತೆಯ ಒಟ್ಟು ಮೌಲ್ಯವನ್ನು ತೋರಿಸುವ ಒಂದು ಪುಟವನ್ನು ಮುದ್ರಿಸಿ ಲಗತ್ತಿಸಿದ್ದೆ, ಅಷ್ಟೇ. ಅದನ್ನು ನೋಡಿದವರು ‘ಇದು ಉಳಿತಾಯ, ಮಾರಿ ಮುಂಗಡ ಹಣಕ್ಕೆ ಸೇರಿಸಿಕೊಳ್ಳಿ’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಕಣಜದಲ್ಲಿ ಎಷ್ಟು ಕಾಳಿದೆ ಎಂದು ನಾನು ತೋರಿಸಿದ್ದೆ. ಅವರಿಗೆ ಬೇಕಿದ್ದದ್ದು ಹೊಲ ಪ್ರತಿ ವರ್ಷ ಎಷ್ಟು ಬೆಳೆಯುತ್ತದೆ ಎಂಬ ಲೆಕ್ಕ. ಕೈಗೆ ಬಂದ ಷೇರು ಆಸ್ತಿ, ಮುಂದೆ ಬರಲಿರುವ ಷೇರು ಆದಾಯ. ಒಂದೇ ಷೇರನ್ನು ಎರಡೂ ಕಡೆ ಬರೆಯಲು ಯಾವ ಬ್ಯಾಂಕೂ ಬಿಡುವುದಿಲ್ಲ.

ನನಗೆ ಸಿಗುತ್ತಿದ್ದದ್ದು ಆರ್‌ಎಸ್‌ಯು, ಅಂದರೆ ಕೆಲಸದಲ್ಲಿ ಮುಂದುವರಿದರೆ ಹಂತಹಂತವಾಗಿ ಕೈಸೇರುವ ಷೇರು. ಇಂತಿಷ್ಟು ಯೂನಿಟ್ ಕೊಡುತ್ತೇವೆ ಎಂದು ಗ್ರ್ಯಾಂಟ್ ಪತ್ರ ಬರುತ್ತದೆ. ನಾಲ್ಕು ವರ್ಷಗಳ ಅವಧಿಯಲ್ಲಿ, ನನ್ನ ಕಂಪನಿಯಲ್ಲಿ ಆರು ತಿಂಗಳಿಗೊಮ್ಮೆ, ಅವು ವೆಸ್ಟ್ ಆಗಿ, ಅಂದರೆ ಪೂರ್ಣವಾಗಿ ನನ್ನವಾಗಿ, ಷೇರುಗಳಾಗುತ್ತವೆ. ತೆರಿಗೆಯ ಪಾಲನ್ನು ಕಂಪನಿಯೇ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತದೆ. ಸ್ಟಾಕ್ ಆಪ್ಷನ್‌ನ ರೀತಿಯೇ ಬೇರೆ, ಅದು ಮೊದಲೇ ನಿಗದಿಯಾದ ಬೆಲೆಗೆ ಷೇರು ಕೊಳ್ಳುವ ಹಕ್ಕು. ಅಲ್ಲಿ ಮಾರುಕಟ್ಟೆಯ ಬೆಲೆ ನಿಗದಿತ ಬೆಲೆಗಿಂತ ಕೆಳಗಿದ್ದರೆ ಕೈಗೆ ಏನೂ ಸಿಗುವುದಿಲ್ಲ. 2003ರಲ್ಲಿ ಮೈಕ್ರೋಸಾಫ್ಟ್ ಆಪ್ಷನ್ ಕೊಡುವುದನ್ನು ನಿಲ್ಲಿಸಿ ಷೇರುಗಳನ್ನೇ ಕೊಡಲು ನಿರ್ಧರಿಸಿದ್ದಕ್ಕೆ ಇಂಥ ಬೆಲೆಯಿಲ್ಲದ ಆಪ್ಷನ್‌ಗಳು ಉದ್ಯೋಗಿಗಳ ಕೈಯಲ್ಲಿ ಉಳಿದಿದ್ದದ್ದೂ ಒಂದು ಕಾರಣ. ಷೇರುಪೇಟೆಯಲ್ಲಿ ನೋಂದಣಿಯಾಗದ ಕಂಪನಿಯ ಯೂನಿಟ್‌ಗಳನ್ನಂತೂ ನಾನು ಮಾತನಾಡಿದ ಯಾವ ಅಧಿಕಾರಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಮಾರಲಾಗದ್ದನ್ನು ಕಂತು ಕಟ್ಟಲು ಬಳಸುವುದಾದರೂ ಹೇಗೆ?

ಎರಡನೆಯ ಬ್ಯಾಂಕಿನಲ್ಲಿ ಕಡತ ನೋಡಿದ ಅಧಿಕಾರಿ ಮೊದಲ ಭೇಟಿಯಲ್ಲೇ ಕೇಳಿದರು: “ಮುಂದಿನ ವರ್ಷವೂ ಇವು ಬರುತ್ತವೆ ಎನ್ನುವುದಕ್ಕೆ ನೀವು ಏನು ಆಧಾರ ಕೊಡುತ್ತೀರಿ?” ಉಳಿದ ಕೆಲಸವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಹೊಂದಿಸುವುದೇ ಆಗಿತ್ತು.

ಒಂದು ಕೋಷ್ಟಕ ಮಾಡಿದೆ. ಎರಡು ವರ್ಷಗಳಲ್ಲಿ ವೆಸ್ಟ್ ಆದ ಪ್ರತಿಯೊಂದು ದಿನಾಂಕಕ್ಕೂ ಒಂದು ಸಾಲು: ಯಾವ ಗ್ರ್ಯಾಂಟ್, ಎಷ್ಟು ಯೂನಿಟ್, ಆ ದಿನದ ಬೆಲೆ, ಒಟ್ಟು ಮೌಲ್ಯ, ತೆರಿಗೆಗೆ ಹಿಡಿದ ಷೇರು, ಖಾತೆಗೆ ಬಂದ ಷೇರು. ಪ್ರತಿ ಸಾಲಿನ ಮುಂದೆ ಆ ತಿಂಗಳ ಸಂಬಳ ಚೀಟಿಯ ಪುಟಸಂಖ್ಯೆ ಬರೆದೆ. ಸಂಬಳ ಚೀಟಿಯನ್ನು ಜೋಡಿಸಲೇಬೇಕಾಗಿತ್ತು. ವೆಸ್ಟ್ ಆದ ತಿಂಗಳಲ್ಲಿ ಷೇರಿನ ಮೌಲ್ಯ ಒಂದು ಸಾಲಿನಲ್ಲಿ ಕೂಡಿ ಇನ್ನೊಂದು ಸಾಲಿನಲ್ಲಿ ಕಳೆದುಹೋಗುತ್ತದೆ. ಬ್ಯಾಂಕ್ ಖಾತೆಗೆ ಬೀಳುವ ಹಣ ಎಂದಿನಷ್ಟೇ. ಚೀಟಿಯಲ್ಲಿ ಒಂದು ಮೊತ್ತ, ಖಾತೆಯಲ್ಲಿ ಇನ್ನೊಂದು ಮೊತ್ತ ಕಂಡರೆ ಪರಿಶೀಲಿಸುವವರಿಗೆ ಅನುಮಾನ ಬರುವುದು ಸಹಜ.

ಇಲ್ಲೇ ಇನ್ನೊಂದು ತೊಡಕು ಎದುರಾಯಿತು. ಬ್ಯಾಂಕ್ ಕೇಳಿದ್ದು ಕೊನೆಯ ಮೂರು ತಿಂಗಳ ಚೀಟಿಗಳನ್ನು. ಅದರಲ್ಲಿ ಒಂದು ವೆಸ್ಟ್ ಆದ ತಿಂಗಳದ್ದಾಗಿತ್ತು. ಮೂರು ತಿಂಗಳ ಮೊತ್ತವನ್ನು ನಾಲ್ಕರಿಂದ ಗುಣಿಸಿದ್ದರಿಂದ ವರ್ಷಕ್ಕೆ ಎರಡು ಬಾರಿ ಬರುವ ಷೇರು ನಾಲ್ಕು ಬಾರಿ ಬರುವಂತೆ ಕಂಡಿತು. ನನ್ನ ಆದಾಯ ಇರುವುದಕ್ಕಿಂತ ಬಹಳ ಹೆಚ್ಚಾಗಿತ್ತು. ನಾನೇ ಫೋನ್ ಮಾಡಿ ತಿದ್ದಿಸಿದೆ. ಸುಳ್ಳು ಲೆಕ್ಕದ ಮೇಲೆ 25 ವರ್ಷದ ಸಾಲ ಹೊರಲು ನನಗೆ ಮನಸ್ಸಿರಲಿಲ್ಲ. ಅದೂ ಅಲ್ಲದೆ ಮುಂದಿನ ಹಂತದಲ್ಲಿ ಆ ತಪ್ಪು ಹೊರಬಿದ್ದರೆ ನಿಜವಾದ ಅಂಕಿಗಳನ್ನೂ ಯಾರೂ ನಂಬುತ್ತಿರಲಿಲ್ಲ. ಮೂರು ತಿಂಗಳ ಬದಲು 24 ತಿಂಗಳ ಚೀಟಿಗಳನ್ನು ಕೊಟ್ಟೆ. ಹೇಗೂ ಎರಡು ವರ್ಷದ ಇತಿಹಾಸವನ್ನು ಬಹಳಷ್ಟು ಸಾಲದಾತರು ಕೇಳುತ್ತಾರೆ.

ಷೇರು ವಿಭಜನೆಯಾಗಿದ್ದರೆ ಅದನ್ನು ಕೋಷ್ಟಕದ ತಲೆಯಲ್ಲೇ ಬರೆಯಬೇಕು. 2022ರಲ್ಲಿ ಅಮೆಜಾನ್ ಮತ್ತು ಆಲ್ಫಾಬೆಟ್ ಒಂದು ಷೇರನ್ನು 20 ಮಾಡಿದವು. 2024ರಲ್ಲಿ ಎನ್‌ವಿಡಿಯಾ ಒಂದನ್ನು 10 ಮಾಡಿತು. ನಮ್ಮಲ್ಲೂ ಒಮ್ಮೆ ಹಾಗಾಗಿತ್ತು. ಹಳೆಯ ಗ್ರ್ಯಾಂಟ್ ಪತ್ರದಲ್ಲಿದ್ದ ಒಟ್ಟು ಯೂನಿಟ್‌ಗಳಿಗಿಂತ ಒಂದೇ ಬಾರಿ ವೆಸ್ಟ್ ಆದ ಯೂನಿಟ್‌ಗಳೇ ಹೆಚ್ಚಾಗಿ ಕಂಡು, ಪತ್ರವೇ ಬೇರೆ ಯಾರದ್ದೋ ಇರಬೇಕೆಂದು ಕಡತ ಒಂದು ವಾರ ಮೇಜಿನ ಮೇಲೇ ಉಳಿಯಿತು.

ಅತ್ಯಂತ ಹೆಚ್ಚು ದಿನ ಹಿಡಿದದ್ದು ಎಚ್.ಆರ್. ವಿಭಾಗದ ಪತ್ರ. ಮೊದಲು ಬಂದ ಪತ್ರದಲ್ಲಿ ‘ಷೇರು ನೀಡುವುದು ಸಂಪೂರ್ಣವಾಗಿ ಕಂಪನಿಯ ವಿವೇಚನೆಗೆ ಬಿಟ್ಟದ್ದು’ ಎಂಬ ಒಂದೇ ವಾಕ್ಯವಿತ್ತು. ಮಾತು ಸತ್ಯ, ಆದರೆ ಅರ್ಧ ಸತ್ಯ. ಮುಂದೆ ಹೊಸ ಗ್ರ್ಯಾಂಟ್ ಕೊಡುವುದು ವಿವೇಚನೆಗೆ ಬಿಟ್ಟದ್ದು. ಈಗಾಗಲೇ ಕೊಟ್ಟ ಗ್ರ್ಯಾಂಟ್ ವೆಸ್ಟ್ ಆಗುವ ದಿನಾಂಕಗಳು ನಿಗದಿಯಾಗಿವೆ, ನಾನು ಕೆಲಸದಲ್ಲಿದ್ದರೆ ಸಾಕು. ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ ಎಂದು ಕೇಳಿಕೊಂಡೆ. ‘ಮುಂದೆಯೂ ಷೇರು ಕೊಡುತ್ತೇವೆ’ ಎಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ, ಅದನ್ನು ಕೇಳಿ ದಿನ ಕಳೆಯಬಾರದು. ಮೂರನೆಯ ಕರಡಿನಲ್ಲಿ ಬೇಕಾದದ್ದೆಲ್ಲ ಬಂತು: ವೆಸ್ಟ್ ಆಗದೆ ಉಳಿದಿರುವ ಯೂನಿಟ್‌ಗಳ ಸಂಖ್ಯೆ, ಅವುಗಳ ದಿನಾಂಕಗಳು, ಅವು ಸೇವಾವಧಿಗೆ ಮಾತ್ರ ಬದ್ಧವಾಗಿದ್ದು ಕಾರ್ಯಸಾಧನೆಯ ಗುರಿಗಳಿಗೆ ಬದ್ಧವಲ್ಲ ಎಂಬ ಮಾತು, ಕಳೆದ ಮೂರು ವರ್ಷವೂ ಹೊಸ ಗ್ರ್ಯಾಂಟ್ ಸಿಕ್ಕಿದೆ ಎಂಬ ದಾಖಲೆ.

ಕೊನೆಯ ಅಂಶ ನನ್ನ ಅರ್ಜಿಯನ್ನು ಉಳಿಸಿತು ಎಂದೇ ನಂಬಿದ್ದೇನೆ. ಸೇರುವಾಗ ಕೊಟ್ಟ ದೊಡ್ಡ ಗ್ರ್ಯಾಂಟ್ ಇನ್ನೊಂದು ವರ್ಷದಲ್ಲಿ ಮುಗಿಯುವುದಿತ್ತು. ಅದನ್ನಷ್ಟೇ ನೋಡಿದರೆ ನನ್ನ ಷೇರು ಆದಾಯ ಥಟ್ಟನೆ ಬಿದ್ದುಹೋಗುವಂತೆ ಕಾಣುತ್ತಿತ್ತು. ಪ್ರತಿ ವರ್ಷ ಹೊಸದಾಗಿ ಸಿಗುತ್ತಿದ್ದ ರಿಫ್ರೆಶರ್ ಗ್ರ್ಯಾಂಟ್‌ಗಳನ್ನು ಒಂದರ ಮೇಲೊಂದು ಪದರವಾಗಿ ಚಿತ್ರ ಬರೆದು ತೋರಿಸಿದೆ. ಹಳೆಯದು ತೀರುವ ಹೊತ್ತಿಗೆ ಹೊಸವು ಎಷ್ಟರಮಟ್ಟಿಗೆ ಆ ಜಾಗ ತುಂಬುತ್ತವೆ ಎಂಬುದು ಆ ಚಿತ್ರದಲ್ಲಿ ಒಂದೇ ನೋಟಕ್ಕೆ ಕಂಡಿತು. ಪೂರ್ತಿ ತುಂಬುವುದಿಲ್ಲ ಎಂಬುದೂ ಕಂಡಿತು, ಅದನ್ನು ಮುಚ್ಚಿಡಲಿಲ್ಲ.

ಲೆಕ್ಕ ಹೀಗಾಯಿತು. ಮೊದಲ ವರ್ಷ 30 ಪಾಲು, ಎರಡನೆಯ ವರ್ಷ 46 ಪಾಲು ಬಂದಿತ್ತು. ಹೆಚ್ಚಳಕ್ಕೆ ಕಾರಣ ಬೆಲೆ, ಯೂನಿಟ್‌ಗಳ ಸಂಖ್ಯೆಯಲ್ಲ. ಬ್ಯಾಂಕ್ 46ನ್ನು ಒಪ್ಪಲಿಲ್ಲ, ಸರಾಸರಿ 38 ತೆಗೆದುಕೊಂಡಿತು, ಅದರಲ್ಲಿ ಅರ್ಧ, ಅಂದರೆ 19ನ್ನು ಸಂಬಳಕ್ಕೆ ಸೇರಿಸಿತು. ನನ್ನ ಒಪ್ಪಿತ ಆದಾಯ 62ರಿಂದ 81ಕ್ಕೆ ಏರಿತು, ಸಾಲದ ಮಿತಿಯೂ ಅದೇ ಪ್ರಮಾಣದಲ್ಲಿ ಸುಮಾರು ಶೇ 30ರಷ್ಟು. ಎಲ್ಲರೂ ಹೀಗೇ ಮಾಡುವುದಿಲ್ಲ. ಷೇರನ್ನು ಮುಟ್ಟದವರಿದ್ದಾರೆ, ತೆರಿಗೆ ಕಳೆದ ಮೇಲೆ ಉಳಿದದ್ದನ್ನಷ್ಟೇ ಎಣಿಸುವವರಿದ್ದಾರೆ. ಷೇರನ್ನು ಹೇಗೆ ಎಣಿಸುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಅರ್ಜಿ ಹಾಕುವ ಮೊದಲೇ ಕೇಳಿ ತಿಳಿದುಕೊಂಡಿದ್ದರೆ ನನಗೆ ಎರಡು ತಿಂಗಳು ಉಳಿಯುತ್ತಿತ್ತು.

ಮಂಜೂರಾದ ಹೆಚ್ಚುವರಿಯಲ್ಲಿ ನಾವು ಅರ್ಧವನ್ನು ಮಾತ್ರ ತೆಗೆದುಕೊಂಡೆವು. 2022ರ ಫೆಬ್ರುವರಿ 3ರಂದು ಮೆಟಾ ಷೇರಿನ ಬೆಲೆ ಒಂದೇ ದಿನದಲ್ಲಿ ಶೇ 26ರಷ್ಟು ಕುಸಿಯಿತು. ಅದೇ ವರ್ಷದ ನವೆಂಬರಿನಲ್ಲಿ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಷೇರು ಬೀಳುವ ಕಾಲಕ್ಕೇ ಸಂಬಳವೂ ನಿಲ್ಲಬಹುದು, ವೆಸ್ಟ್ ಆಗದ ಯೂನಿಟ್‌ಗಳೂ ಸಾಮಾನ್ಯವಾಗಿ ಅದರೊಂದಿಗೇ ಹೋಗುತ್ತವೆ. ಬ್ಯಾಂಕ್ ಅರ್ಧ ಕಡಿತ ಮಾಡಿದ್ದನ್ನು ಅನ್ಯಾಯ ಎಂದುಕೊಂಡಿದ್ದ ನಾನು ಈ ವಿಚಾರ ಮನಸ್ಸಿಗೆ ಬಂದ ಮೇಲೆ ಇನ್ನೂ ಅರ್ಧ ನಾನೇ ಕಡಿತ ಮಾಡಿದೆ. ಸಂಬಳದಿಂದಲೇ ಕಂತು ಕಟ್ಟಿ ಮನೆ ನಡೆಸಬಲ್ಲೆವೇ ಎಂದು ನಾನೂ ಹೆಂಡತಿಯೂ ಆರು ತಿಂಗಳ ಖರ್ಚು ಬರೆದಿಟ್ಟು ನೋಡಿದೆವು. ಸಂಬಳವೊಂದನ್ನೇ ಹಿಡಿದರೆ ಬ್ಯಾಂಕಿನ ಸೂತ್ರ ಬಿಡುವುದಕ್ಕಿಂತ ಸ್ವಲ್ಪ ಹೆಚ್ಚು ಕಟ್ಟಲು ನಮ್ಮಿಂದ ಆಗುತ್ತಿತ್ತು. ಷೇರನ್ನು ಆದಾಯವೆಂದು ತೋರಿಸಿದ್ದರಿಂದ ನಮಗಾದ ಉಪಯೋಗ ಆ ಸ್ವಲ್ಪ ಅಂತರವನ್ನು ದಾಟಿದ್ದು.

ಮುಂಗಡ ಹಣದಲ್ಲಿ ಮಾತ್ರ ಎಡವಿದೆ. ಆಗಲೇ ಕೈಗೆ ಬಂದಿದ್ದ ಷೇರುಗಳನ್ನು ಅದಕ್ಕೆಂದೇ ಇಟ್ಟಿದ್ದೆ. ತ್ರೈಮಾಸಿಕ ಫಲಿತಾಂಶದ ಮೊದಲು ಕೆಲವು ವಾರ ಉದ್ಯೋಗಿಗಳು ಷೇರು ಮಾರುವಂತಿಲ್ಲ ಎಂಬ ನಿಯಮ ಗೊತ್ತಿದ್ದೂ ಹಣ ಕಟ್ಟಬೇಕಾದ ದಿನವನ್ನು ಅದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಮಾರಾಟಗಾರರು ಹತ್ತು ದಿನ ಕಾಯಲು ಒಪ್ಪಿದ್ದು ಅವರ ದೊಡ್ಡತನ.

ಮಂಜೂರಾತಿಗೂ ಹಣ ಬಿಡುಗಡೆಗೂ ನಡುವೆ ನನಗೆ ಬೇರೆ ಕಂಪನಿಯಿಂದ ಹೆಚ್ಚಿನ ಸಂಬಳದ ಕರೆ ಬಂತು, ಷೇರುಗಳೂ ಹೆಚ್ಚಿದ್ದವು. ಅಧಿಕಾರಿಯನ್ನು ಕೇಳಿದೆ. “ಕೆಲಸ ಬದಲಿಸಿದರೆ ಹೊಸ ಷೇರುಗಳಿಗೆ ಇತಿಹಾಸವೇ ಇಲ್ಲ, ಲೆಕ್ಕ ಮತ್ತೆ ಸಂಬಳವೊಂದರಿಂದಲೇ ಶುರುವಾಗುತ್ತದೆ” ಎಂದರು. ಆ ಕರೆಯನ್ನು ಬಿಟ್ಟುಕೊಟ್ಟೆ. ಈಗ ಪ್ರತಿ ಬಾರಿ ವೆಸ್ಟ್ ಆದ ವಾರ, ಮಾರಲು ಅನುಮತಿಯಿರುವ ಮೊದಲ ದಿನವೇ ಷೇರು ಮಾರಿ ಅಸಲಿಗೆ ಕಟ್ಟುತ್ತೇನೆ. ಇಲ್ಲಿಯವರೆಗೆ ಐದು ಬಾರಿ ಕಟ್ಟಿದ್ದೇನೆ.