ಕಂಪ್ಯೂಟರ್ ಸೈನ್ಸ್ ಸೀಟು: ಶುಲ್ಕ ಕಟ್ಟುವ ಮುನ್ನ ಜಮಾ-ಖರ್ಚು ನೋಡುವುದು ಹೇಗೆ?

ಸಿಇಟಿ ರ‍್ಯಾಂಕ್ ಪ್ರಕಟವಾದ ವಾರ ದಾವಣಗೆರೆಯ ಮನೆಗಳಲ್ಲಿ ಬಹುಮಟ್ಟಿಗೆ ಒಂದೇ ಮಾತು: ಊರಿನ ಎಂಜಿನಿಯರಿಂಗ್ ಕಾಲೇಜಾದ ಯುಬಿಡಿಟಿಯಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗಬಹುದೇ, ಇನ್ನೊಂದಾದ ಬಿಐಇಟಿಯಲ್ಲಿ ಸಿಗಬಹುದೇ, ಎರಡೂ ಕೈತಪ್ಪಿದರೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಾದರೂ ಸೇರಿಸೋಣವೇ? ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳ ನಾಲ್ಕು ವರ್ಷದ ಓದಿನ ಖರ್ಚನ್ನು ನನ್ನೆದುರು ರಾಶಿ ಅಡಿಕೆಯ ಕ್ವಿಂಟಲ್‌ಗಳಲ್ಲೇ ಹೇಳಿದ್ದರು. ಅವರ ನೋಟ್‌ಬುಕ್ಕಿನ ಖರ್ಚಿನ ಪುಟದಲ್ಲಿ ಹಾಸ್ಟೆಲ್ಲಿನ ಹಾಸಿಗೆಯವರೆಗೆ ಎಲ್ಲವೂ ಇತ್ತು. ಜಮಾದ ಪುಟದಲ್ಲಿ ಮಾತ್ರ ‘ಬೆಂಗಳೂರಿನಲ್ಲಿ ಕೆಲಸ’ ಎಂಬ ಎರಡೇ ಪದಗಳಿದ್ದವು. ಆ ಪುಟವನ್ನು ಅಂಕಿಗಳಲ್ಲಿ ತುಂಬುವ ಕ್ರಮ ಹೀಗಿದೆ.

ಮೊದಲಿಗೆ, ಸೀಟು ಯಾವ ಬಗೆಯದು ಎಂದು ನೋಡಬೇಕು. ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರು ಸರ್ಕಾರಿ ಕೋಟಾದವರೂ ಇನ್ನೊಬ್ಬರು ಮ್ಯಾನೇಜ್‌ಮೆಂಟ್ ಕೋಟಾದವರೂ ಆಗಿದ್ದರೆ, ಇಬ್ಬರಿಗೂ ಸಿಗುವುದು ಅದೇ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದವಿ, ಎದುರಿಸುವುದು ಅದೇ ಕ್ಯಾಂಪಸ್ ಸಂದರ್ಶನ. ಕಟ್ಟುವ ಹಣ ಮಾತ್ರ ಹಲವು ಪಟ್ಟು ಬೇರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ, ಬೋಧನಾ ಶುಲ್ಕ ವಿನಾಯಿತಿಯಿರುವ ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಸೀಟು ಸಿಗಬಹುದೇ ಎಂದು ಮರೆಯದೆ ಪರಿಶೀಲಿಸಬೇಕು. ಶುಲ್ಕದ ಜೊತೆಗೆ ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಬಸ್ ಅಥವಾ ಹಾಸ್ಟೆಲ್ ಸೇರಿಸಿದರೆ ಖರ್ಚಿನ ಪುಟ ಮುಗಿಯಿತು. ಊರಿನಲ್ಲೇ ಓದುವವರಿಗೆ ಹಾಸ್ಟೆಲ್ಲಿನ ಸಾಲು ಪೂರ್ತಿ ಅಳಿಸಿಹೋಗುತ್ತದೆ. ಹೆಸರೇ ಕೇಳಿರದ ಬೆಂಗಳೂರಿನ ಕಾಲೇಜಿಗೆ ಗಂಟುಮೂಟೆ ಕಟ್ಟುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂಬುದು ನನ್ನ ಅನುಭವ.

ಎರಡನೆಯದು ಸಾಲ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಶಿಕ್ಷಣ ಸಾಲ ಪಡೆದಿರಿ, ಬಡ್ಡಿ ಶೇ 10, ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭ ಎಂದಿಟ್ಟುಕೊಳ್ಳಿ. ಕಂತು ಕಟ್ಟದ ಈ ಅವಧಿಯಲ್ಲಿ ಬಡ್ಡಿ ಸುಮ್ಮನಿರುವುದಿಲ್ಲ. ಮೊದಲ ವರ್ಷದ ಲಕ್ಷಕ್ಕೆ ಐದು ವರ್ಷ, ಕೊನೆಯ ಲಕ್ಷಕ್ಕೆ ಎರಡು ವರ್ಷ ಎಂದು ಸರಳ ಬಡ್ಡಿ ಹಿಡಿದರೂ 1.40 ಲಕ್ಷ ಸೇರಿ ಸಾಲ 5.40 ಲಕ್ಷಕ್ಕೆ ನಿಲ್ಲುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 7,140 ರೂಪಾಯಿ. ಇದೇ ಕ್ರಮದಲ್ಲಿ ವರ್ಷಕ್ಕೆ 2.5 ಲಕ್ಷ ಪಡೆದಿದ್ದರೆ ಕಂತು 17,800 ದಾಟುತ್ತದೆ.

ಮೂರನೆಯದಾದ ಸಂಬಳದ ಲೆಕ್ಕದಲ್ಲಿಯೇ ಹೆಚ್ಚಿನವರು ಎಡವುವುದು. ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿರುವುದು ಒಬ್ಬಿಬ್ಬರಿಗೆ ಸಿಕ್ಕ ಗರಿಷ್ಠ ಪ್ಯಾಕೇಜು. ನೀವು ಕೇಳಬೇಕಾದದ್ದು, ನೋಂದಾಯಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಪ್ಯಾಕೇಜಿನ ಏರಿಕೆ ಕ್ರಮದಲ್ಲಿ ನಿಲ್ಲಿಸಿದರೆ ಸಾಲಿನ ನಡುವೆ ಬರುವ ವಿದ್ಯಾರ್ಥಿಯ ಪ್ಯಾಕೇಜು ಎಷ್ಟು, ಆಫರ್ ಲೆಟರ್ ಪಡೆದವರಲ್ಲಿ ನಿಜಕ್ಕೂ ಕೆಲಸಕ್ಕೆ ಹಾಜರಾದವರೆಷ್ಟು ಎಂಬುದನ್ನು. 2022ರಲ್ಲಿ ಓದು ಮುಗಿಸಿದ ಅನೇಕರು ಆಫರ್ ಕೈಯಲ್ಲಿಟ್ಟುಕೊಂಡೇ ತಿಂಗಳುಗಟ್ಟಲೆ ಕಾದಿದ್ದರಿಂದ ಈ ಕೊನೆಯ ಪ್ರಶ್ನೆ ಮುಖ್ಯ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಾಮಾನ್ಯ ಪ್ಯಾಕೇಜು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಾರ್ಷಿಕ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ಇದೆ. ಅದರಲ್ಲಿ ಪಿಎಫ್, ಗ್ರಾಚ್ಯುಟಿ, ವಿಮೆಯ ಬಾಬ್ತು ಕಳೆದು 25,000 ಕೈಗೆ ಬಂತೆಂದುಕೊಳ್ಳೋಣ. ಪಿಜಿ ಬಾಡಿಗೆ, ಊಟ, ಓಡಾಟ, ಹಬ್ಬಕ್ಕೆ ಊರಿಗೆ ಬಂದುಹೋಗುವುದು ಎಲ್ಲ ಸೇರಿ 15,000 ಆದರೆ ಉಳಿಯುವುದು 10,000. ಮೊದಲ ಸಾಲದ ಕಂತು ಇದರಲ್ಲಿ ಕಷ್ಟಪಟ್ಟು ತೀರುತ್ತದೆ. ಎರಡನೆಯದಕ್ಕೆ ಅಪ್ಪನೇ ಪ್ರತಿ ತಿಂಗಳು ಸುಮಾರು 7,800 ರೂಪಾಯಿ ಕಳಿಸಬೇಕಾಗುತ್ತದೆ.

ಹಾಗೆಂದು ಮೊದಲ ಸಂಬಳವನ್ನೇ ಅಳತೆಗೋಲಾಗಿಸುವುದು ಸರಿಯಲ್ಲ. ಈ ಕ್ಷೇತ್ರದಲ್ಲಿ ಕೆಲಸ ಕಲಿತವರ ಸಂಬಳಕ್ಕೆ ದೊಡ್ಡ ಜಿಗಿತ ಸಿಗುವುದು ಸಾಮಾನ್ಯವಾಗಿ ಮೂರು-ನಾಲ್ಕು ವರ್ಷದ ಅನುಭವದ ನಂತರ, ಕಂಪನಿ ಬದಲಿಸುವಾಗ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಅಲ್ಲಿಯವರೆಗೆ ಮನೆಯವರು ಕಂತಿನ ಭಾರ ತಡೆದುಕೊಳ್ಳಬಲ್ಲರೇ ಎಂಬುದು.

ನಾಲ್ಕನೆಯದಾಗಿ, ಪಕ್ಕದ ದಾರಿಗಳ ಜೊತೆ ಹೋಲಿಸಿ. ದೊಡ್ಡ ಸೇವಾ ಕಂಪನಿಗಳು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್ ಮೊದಲಾದ ವಿಭಾಗದವರನ್ನೂ ಅದೇ ಹುದ್ದೆಗೆ, ಅದೇ ಪ್ಯಾಕೇಜಿಗೆ ತೆಗೆದುಕೊಳ್ಳುತ್ತವೆ. ಹಾಗಿರುವಾಗ, ಸರ್ಕಾರಿ ಕೋಟಾದಲ್ಲಿ ಸಿಗುವ ಎಲೆಕ್ಟ್ರಾನಿಕ್ಸ್ ಸೀಟನ್ನು ಬಿಟ್ಟು, ಹೊಲ ಅಡವಿಟ್ಟು ಮ್ಯಾನೇಜ್‌ಮೆಂಟ್ ಕೋಟಾದ ಸಿಎಸ್ ಹಿಡಿಯುವುದು ಬಹುಪಾಲು ಕುಟುಂಬಗಳಿಗೆ ನಷ್ಟದ ವ್ಯವಹಾರವೆಂದೇ ನನ್ನ ಅಭಿಪ್ರಾಯ. ಬಿಸಿಎ ಮೂರೇ ವರ್ಷದ್ದು. ಸಂಬಳ ಕಡಿಮೆಯಿಂದ ಆರಂಭವಾದರೂ ಒಂದು ವರ್ಷ ಮೊದಲೇ ದುಡಿಮೆ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಈಗಷ್ಟೇ ಮುಗಿಸಿದ ಮಕ್ಕಳಿರುವವರು ಇನ್ನೊಂದನ್ನೂ ಗಮನಿಸಬಹುದು: ಮೂರು ವರ್ಷ ಡಿಪ್ಲೊಮಾ ಓದಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದರೂ ಪಿಯುಸಿ ದಾರಿಯಷ್ಟೇ ಆರು ವರ್ಷಗಳಾಗುತ್ತವೆ. ಬಿಇ ಶುಲ್ಕ ಮಾತ್ರ ಒಂದು ವರ್ಷದ್ದು ಉಳಿಯುತ್ತದೆ.

ಓದದೆ ಬಿಟ್ಟಿದ್ದರೆ ಬರುತ್ತಿದ್ದ ದುಡಿಮೆಯೂ ಖರ್ಚೇ. ಪೇಟೆಯ ಅಂಗಡಿಯಲ್ಲಿ ತಿಂಗಳಿಗೆ 12,000 ಎಂದರೂ ನಾಲ್ಕು ವರ್ಷಕ್ಕೆ 5.76 ಲಕ್ಷವಾಗುತ್ತದೆ. ವಿಷಯಗಳು ಬ್ಯಾಕ್ ಉಳಿದು ಒಂದು ವರ್ಷ ಜಾರಿದರೆ, ಆ ವರ್ಷದ ಖರ್ಚಿನ ಜೊತೆಗೆ ಒಂದು ವರ್ಷದ ಸಂಬಳವೂ ಹೋಗುತ್ತದೆ.

ಕೊನೆಯ ಹೆಜ್ಜೆ ಬ್ಯಾಂಕಿನಲ್ಲಿ. ಓದುವಾಗಲೇ ಬಡ್ಡಿ ಕಟ್ಟುತ್ತೇವೆಂದು ಹೇಳಿ, ಅದಕ್ಕೆ ದರದಲ್ಲಿ ರಿಯಾಯಿತಿ ಇದೆಯೇ ಎಂದು ವಿಚಾರಿಸಿ. ಮೇಲಿನ ಉದಾಹರಣೆಯಲ್ಲಿ ಈ ಬಡ್ಡಿ ಮೊದಲ ವರ್ಷ ತಿಂಗಳಿಗೆ ಸುಮಾರು 833 ರೂಪಾಯಿ, ನಾಲ್ಕನೇ ವರ್ಷ ಹಾಗೂ ಕಂತು ಆರಂಭವಾಗುವವರೆಗೆ 3,333 ರೂಪಾಯಿ. ಇಷ್ಟನ್ನು ತಪ್ಪದೆ ಕಟ್ಟಿದರೆ ಸಾಲ 4 ಲಕ್ಷದಲ್ಲೇ ನಿಂತು, ತಿಂಗಳ ಕಂತು 7,140ರ ಬದಲು ಸುಮಾರು 5,290ಕ್ಕೆ ಇಳಿಯುತ್ತದೆ.