‘ನಾವೇ ಮಾಡಿದ್ವಿ’ ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಆಳು ಸಿಗದ ವರ್ಷ ತೀರ್ಥಹಳ್ಳಿ ಕಡೆ ಮನೆಯವರೇ ರಾತ್ರಿಯೆಲ್ಲಾ ಕೂತು ಅಡಿಕೆ ಸುಲಿಯುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ ನಮ್ಮವರ ಬಾಯಿಗೆ ಥಟ್ಟನೆ ಬರುವುದು ‘ವಿ ಓನ್ಲಿ ಪೀಲ್ಡ್ ದ ನಟ್ಸ್’. ಹೊರಗಿನವರು ಕೇಳಿದರೆ ‘ಬರೀ ಸುಲಿದಿದ್ದಾರೆ, ಬೇಯಿಸಿಲ್ಲ, ಒಣಗಿಸಿಲ್ಲ’ ಎಂದುಕೊಂಡಾರು! ಇಲ್ಲಿ ಬೇಕಿರುವುದು ‘ವಿ ಪೀಲ್ಡ್ ದ ನಟ್ಸ್ ಅವರ್‌ಸೆಲ್ವ್ಸ್’.

ಮೊದಲು ಕನ್ನಡ ವಾಕ್ಯದ ‘ಏ’ ಎಂಥದ್ದು ನೋಡಿ. ಅಲ್ಲಿ ‘ಖುದ್ದಾಗಿ’ ಸೇರಿಸಿದರೆ ಹೊಂದುತ್ತದಾ? ‘ಡಾಕ್ಟರೇ ಫೋನ್ ಮಾಡಿದ್ರು’ ಎಂಬಲ್ಲಿ ಹೊಂದುತ್ತದೆ. ಹಾಗಾಗಿ ‘ದ ಡಾಕ್ಟರ್ ಹಿಮ್‌ಸೆಲ್ಫ್ ಕಾಲ್ಡ್’. ‘ನಾಳೆಯೇ ಬಾ’ ಎಂಬಲ್ಲಿ ಹೊಂದುವುದಿಲ್ಲ. ನಮ್ಮ ಆಫೀಸುಗಳಲ್ಲಿ ‘ಟುಮಾರೋ ಇಟ್ಸೆಲ್ಫ್’ ಧಾರಾಳವಾಗಿ ಓಡುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಬೇಡ.

ಆಮೇಲೆ ರೂಪ. ಮೈಸೆಲ್ಫ್, ಹರ್‌ಸೆಲ್ಫ್, ಇಟ್ಸೆಲ್ಫ್ ಎಲ್ಲರಿಗೂ ಗೊತ್ತು. ಎಡವುವುದು ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್ ಎರಡರಲ್ಲಿ. ‘ಹಿಸ್‌ಸೆಲ್ಫ್’, ‘ದೇರ್‌ಸೆಲ್ವ್ಸ್’ ತಪ್ಪು. ಎದುರಿಗೆ ಒಬ್ಬರಿದ್ದರೆ ಯುವರ್‌ಸೆಲ್ಫ್, ಹಲವರಿದ್ದರೆ ಯುವರ್‌ಸೆಲ್ವ್ಸ್. ಮರ್ಯಾದೆಗೆ ಬಹುವಚನ ಇಲ್ಲಿ ನಡೆಯೋದಿಲ್ಲ. ಅಜ್ಜನಿಗೂ ಯುವರ್‌ಸೆಲ್ಫೇ.

ನಿಜವಾದ ಆಟ ಇರುವುದು ಜಾಗದಲ್ಲಿ. ಹೆಸರಿನ ಪಕ್ಕದಲ್ಲೇ ಇಟ್ಟರೆ ‘ಅಂಥವರೇ!’ ಎಂಬ ಬೆರಗು. ವಾಕ್ಯದ ಕೊನೆಗೆ ಹಾಕಿದರೆ ಸಾಮಾನ್ಯವಾಗಿ ‘ಬೇರೆಯವರ ಕೈಲಿ ಮಾಡಿಸಲಿಲ್ಲ’ ಎಂಬ ಭಾವ: ‘ಐ ಫಿಕ್ಸ್ಡ್ ದ ಪಂಪ್ ಮೈಸೆಲ್ಫ್’. ಈಗ ಈ ಜೋಡಿ ನೋಡಿ. ‘ಐ ಮೆಟ್ ದ ತಹಶೀಲ್ದಾರ್ ಮೈಸೆಲ್ಫ್’ ಅಂದರೆ ನಾನೇ ಹೋಗಿ ಕಂಡೆ. ‘ಐ ಮೆಟ್ ದ ತಹಶೀಲ್ದಾರ್ ಹರ್‌ಸೆಲ್ಫ್’ ಅಂದರೆ ಗುಮಾಸ್ತರನ್ನಲ್ಲ, ತಹಶೀಲ್ದಾರ್ ಮೇಡಮ್ಮನ್ನೇ ಕಂಡೆ. ಎರಡೂ ಕಡೆ ಪದ ಕೊನೆಯಲ್ಲೇ ಇದೆ, ರೂಪ ಬದಲಾದದ್ದಕ್ಕೆ ಒತ್ತು ಬೇರೆಯವರ ಮೇಲೆ ಹೋಯಿತು. ವಸ್ತು, ಜಾಗಕ್ಕೂ ಇದು ಸಲ್ಲುತ್ತದೆ. ಲಿಂಗನಮಕ್ಕಿಯಲ್ಲಿ ನೀರು ತಡೆದಿರುವ ಬೇಸಿಗೆಯಲ್ಲಿ ‘ದ ರೋಡ್ ಟು ಜೋಗ್ ಈಸ್ ಲವ್ಲಿ, ಬಟ್ ದ ಫಾಲ್ಸ್ ದೆಮ್‌ಸೆಲ್ವ್ಸ್ ಆರ್ ಥಿನ್’ ಅನ್ನಬಹುದು. ಓದುವಾಗ ‘ಸೆಲ್ಫ್’ ಮೇಲೆ ದನಿ ಒತ್ತಿ.

ಬರೆದ ಮೇಲೆ ಆ ಪದವನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದ ವಾಕ್ಯ ಸರಿಯಾಗಿ ನಿಂತರೆ ಅದು ಬರೀ ಒತ್ತು. ‘ಶಿ ಕಟ್ ಹರ್‌ಸೆಲ್ಫ್ ಆನ್ ದ ಮೆಟ್ಟುಗತ್ತಿ’ ಎಂಬಲ್ಲಿ ಮುಚ್ಚಿದರೆ ಏನನ್ನು ಕೊಯ್ದಳು ಅಂತಲೇ ತಿಳಿಯದು. ಅದು ನಮ್ಮ ‘ಕೊಯ್ದುಕೊಂಡಳು’. ಅಲ್ಲಿ ಸೆಲ್ಫ್ ತೆಗೆಯುವ ಹಾಗಿಲ್ಲ.

‘ಬೈ ಮೈಸೆಲ್ಫ್’ ಬೇರೆ ಲೆಕ್ಕ. ‘ಐ ವೆಂಟ್ ಟು ಆಗುಂಬೆ ಬೈ ಮೈಸೆಲ್ಫ್’ ಅಂದರೆ ಜೊತೆಗೆ ಯಾರೂ ಇರಲಿಲ್ಲ ಅಂತ.

ಇನ್ನು ಇಂಟರ್‌ವ್ಯೂಗೆ ಹೋಗುವ ಹುಡುಗ ಹುಡುಗಿಯರಿಗೆ: ‘ಮೈಸೆಲ್ಫ್ ರಮೇಶ್, ಫ್ರಮ್ ಸಾಗರ’ ಅನ್ನಬೇಡಿ, ‘ಐ ಆಮ್ ರಮೇಶ್’ ಸಾಕು. ಮೇಲ್ ಬರೆಯುವಾಗಲೂ ‘ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್’ ಎಂದರೆ ಜಾಸ್ತಿ ವಿನಯ ಕಾಣುತ್ತದೆ ಅಂತ ಕೆಲವರ ನಂಬಿಕೆ. ಕಾಣುವುದಿಲ್ಲ. ಅಲ್ಲಿ ‘ಮೀ’ ಎಂದೇ ಬರೆಯಿರಿ.