ಸೆರೆಮನೆಯಿಂದ ಬಂದವರ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮನೋರೋಗಕ್ಕೆ ಕಾರಾಗೃಹದಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಬಿಡುಗಡೆಯಾಗುವ ದಿನ ಮನೆಯವರು ಹೊಸ ಬಟ್ಟೆ ತಂದಿರುತ್ತಾರೆ, ಹರಕೆಯನ್ನೂ ಹೊತ್ತಿರುತ್ತಾರೆ. ಮಾತ್ರೆಯ ಚೀಟಿ ಕೇಳುವವರು ಮಾತ್ರ ಕಡಿಮೆ.

ಮೊದಲ ಕೆಲಸ ಬಿಡುಗಡೆಗೆ ಮುನ್ನವೇ ಆಗಬೇಕು. ವಿಚಾರಣಾಧೀನ ಕೈದಿಯ ಜಾಮೀನು ಆದೇಶ ಸಂಜೆ ತಲುಪಿ, ಕಾರಾಗೃಹದ ವೈದ್ಯರು ಮನೆಗೆ ಹೋದ ಮೇಲೆ ಆತ ಹೊರಬರುವುದುಂಟು. ಆದ್ದರಿಂದ ಜಾಮೀನು ಅರ್ಜಿ ಹಾಕಿದ ದಿನವೇ ವೈದ್ಯಾಧಿಕಾರಿಗೆ ಲಿಖಿತ ಮನವಿ ಕೊಟ್ಟು, ಮಾತ್ರೆಗಳ ಹೆಸರು, ಪ್ರಮಾಣ ಮತ್ತು ಕೊನೆಯ ಚುಚ್ಚುಮದ್ದಿನ ದಿನಾಂಕವಿರುವ ಚಿಕಿತ್ಸಾ ಸಾರಾಂಶವನ್ನೂ ಎರಡು ವಾರದ ಮಾತ್ರೆಯನ್ನೂ ಕೇಳಿಡಿ. ತನ್ನ ವೈದ್ಯಕೀಯ ದಾಖಲೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ರೋಗಿಯ ಹಕ್ಕು. ವಕೀಲರಿಲ್ಲದವರು 15100ಕ್ಕೆ ಕರೆ ಮಾಡಿದರೆ ಉಚಿತ ಕಾನೂನು ನೆರವು ಸಿಗುತ್ತದೆ.

ಎಡವುವುದು ಮುಂದಿನ ಹತ್ತು ದಿನಗಳಲ್ಲಿ. ಒಬ್ಬ ತಾಯಿ ಕಾಗದದ ಪೊಟ್ಟಣ ಬಿಚ್ಚಿ, "ಬಿಳೀದು ರಾತ್ರಿಗೆ, ಹಳದೀದು ಬೆಳಿಗ್ಗೆಗೆ" ಎಂದು ನನಗೆ ತೋರಿಸಿದ್ದರು. ಸ್ಟ್ರಿಪ್‌ನಲ್ಲಿ ಹೆಸರಿದ್ದ ತುದಿಯನ್ನು ಯಾರೋ ಕತ್ತರಿಸಿಬಿಟ್ಟಿದ್ದರು. ಇಡೀ ಸ್ಟ್ರಿಪ್ಪನ್ನೇ ಪಡೆಯಿರಿ. ವಾರದ ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿಗಳು ನನಗೆ ಹಿಡಿಸುವುದಿಲ್ಲ, ಅವುಗಳಿಗೆ ಸುರಿದ ಮೇಲೆ ಯಾವುದು ಯಾವ ಮಾತ್ರೆಯೆಂದು ವೈದ್ಯರಿಗೂ ತಿಳಿಯದು. ತೀವ್ರ ಮನೋರೋಗಕ್ಕೆ ಕೊಡುವ ಕ್ಲೋಜಪೈನ್ ಮಾತ್ರೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಪ್ರಮಾಣವನ್ನೇ ಮತ್ತೆ ನುಂಗಿಸಬಾರದು, ವೈದ್ಯರು ಸಣ್ಣ ಪ್ರಮಾಣದಿಂದ ಪುನಃ ಏರಿಸಬೇಕು. ಒಮ್ಮೆ ಕೊಟ್ಟರೆ ವಾರಗಟ್ಟಲೆ ಕೆಲಸ ಮಾಡುವ ಚುಚ್ಚುಮದ್ದು ಪಡೆದವರು ಮುಂದಿನದು ತಪ್ಪಿದರೂ ಕೆಲವು ವಾರ ನೆಟ್ಟಗೇ ಇರುತ್ತಾರೆ; ಅದನ್ನು ನೋಡಿ "ವಾಸಿಯಾಯಿತು" ಎಂದು ಚಿಕಿತ್ಸೆ ನಿಲ್ಲಿಸಿದ ಮನೆಗಳನ್ನು ಕಂಡಿದ್ದೇನೆ. ಮಾತ್ರೆಯನ್ನು ಅರೆದು ಸಾರಿಗೆ ಬೆರೆಸುವ ಅಡ್ಡದಾರಿಯಂತೂ ಬೇಡ, ಒಮ್ಮೆ ಸಿಕ್ಕಿಬಿದ್ದರೆ ಆತ ಮನೆಯ ಊಟವನ್ನೇ ಬಿಡುತ್ತಾನೆ.

ಆಧಾರ್, ಪಡಿತರ ಚೀಟಿ, ಅಂಗವೈಕಲ್ಯದ ಗುರುತಿನ ಚೀಟಿಗಳನ್ನು ತಿಂಗಳು ಕಳೆದ ಮೇಲೆ ನಿಧಾನವಾಗಿ ಮಾಡಿಸಿಕೊಳ್ಳಬಹುದು.

ಎರಡು ವಾರದ ಮಾತ್ರೆ ಮುಗಿಯುವ ಮುನ್ನ ಮನೋವೈದ್ಯರನ್ನು ಕಾಣಿಸಿ. ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಚಿಕಿತ್ಸಾಲಯಗಳಿವೆ, ನಿಮ್ಮಲ್ಲಿ ವೈದ್ಯರು ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿ. ನಡುವೆ ನಿದ್ದೆ ಕೆಟ್ಟರೆ, ಅನುಮಾನ ಹೆಚ್ಚಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಜಾಮೀನಿನ ಷರತ್ತಿನಂತೆ ಠಾಣೆಯಲ್ಲಿ ಸಹಿ ಹಾಕುವ ದಿನವೂ ಮಂಗಳವಾರವೇ ಆಗಿದ್ದರೆ, ವಕೀಲರ ಮೂಲಕ ಅದನ್ನು ಬದಲಾಯಿಸಿಕೊಳ್ಳಿ.